ಕಾರ್ಡ್ ಉಜ್ಜಿದರೆ ಎರಡು ಪರ್ಸೆಂಟ್ ಜಾಸ್ತಿ: ಯಾವಾಗ ಕೊಡಬೇಕು, ಯಾವಾಗ ಬೇಡ?

"ಕ್ಯಾಶಾದ್ರೆ ಇದೇ ರೇಟು. ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಉಂಟು ಮಾರಾಯ್ರೆ, ಬ್ಯಾಂಕಿನವರು ಹಿಡೀತಾರೆ."

ಹಂಪನಕಟ್ಟೆಯಲ್ಲಿ ಫ್ರಿಜ್ ನೋಡಲು ಹೋದವರು, ಉಡುಪಿಯಲ್ಲಿ ಮದುವೆ ಚಿನ್ನ ತೆಗೆಯಲು ಹೋದವರು, ಮಣಿಪಾಲದಲ್ಲಿ ಲ್ಯಾಪ್‌ಟಾಪ್ ಕೊಂಡವರು, ಹೆಚ್ಚುಕಡಿಮೆ ಎಲ್ಲರೂ ಈ ಮಾತು ಕೇಳಿಯೇ ಇರುತ್ತಾರೆ. ಕೆಲವರು ಹೂಂ ಎಂದು ಕೊಟ್ಟುಬಿಡುತ್ತಾರೆ. ಕೆಲವರು ಎಟಿಎಂ ಹುಡುಕಿಕೊಂಡು ಹೋಗುತ್ತಾರೆ. ಇದು ಸರಿಯಾ ಎಂದು ಕೇಳುವವರು ಕಡಿಮೆ. ಅಂಗಡಿಯವರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿಮ್ಮ ಕೈಯಲ್ಲಿರುವುದು ಯಾವ ಕಾರ್ಡ್ ಎಂಬುದರ ಮೇಲೆ ಅದು ನಿಂತಿದೆ. ತಮಾಷೆ ಎಂದರೆ, ಹೆಚ್ಚಿನ ಕೌಂಟರುಗಳಲ್ಲಿ ಅದೊಂದನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾವ ಕಾರ್ಡ್ ಕೊಟ್ಟರೂ ಅದೇ ಎರಡು ಪರ್ಸೆಂಟ್.

ಮೊದಲು ದುಡ್ಡು ಹೋಗುವ ದಾರಿ ನೋಡೋಣ. ನೀವು 10,000 ರೂಪಾಯಿಯ ಸಾಮಾನಿಗೆ ಕ್ರೆಡಿಟ್ ಕಾರ್ಡ್ ಕೊಟ್ಟಿರಿ ಎಂದುಕೊಳ್ಳಿ. ಅಂಗಡಿಗೆ ಸ್ವೈಪಿಂಗ್ ಮಿಷನ್ ಕೊಟ್ಟದ್ದು ಒಂದು ಬ್ಯಾಂಕ್. ನಿಮಗೆ ಕಾರ್ಡ್ ಕೊಟ್ಟದ್ದು ಇನ್ನೊಂದು ಬ್ಯಾಂಕ್. ಎರಡನ್ನೂ ಜೋಡಿಸುವುದು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ನೆಟ್‌ವರ್ಕ್. ಇವರು ಯಾರೂ ಸುಮ್ನೆ ಕೆಲಸ ಮಾಡುವುದಿಲ್ಲ. ಅಂಗಡಿಯ ಖಾತೆಗೆ ದುಡ್ಡು ಹಾಕುವ ಮೊದಲೇ ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಇದಕ್ಕೆ ಮರ್ಚೆಂಟ್ ಡಿಸ್ಕೌಂಟ್ ರೇಟ್, ಚಿಕ್ಕದಾಗಿ ಎಂಡಿಆರ್ ಎಂದು ಹೆಸರು. ಎಂಡಿಆರ್ ಎರಡು ಪರ್ಸೆಂಟ್ ಆದರೆ 200 ರೂಪಾಯಿ. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅಂದರೆ 36 ರೂಪಾಯಿ. ಅಂಗಡಿಯವರಿಗೆ ಬಂದು ಬೀಳುವುದು 9,764.

ಆ 200ರಲ್ಲಿ ದೊಡ್ಡ ಪಾಲು ಹೋಗುವುದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಬಡ್ಡಿಯಿಲ್ಲದೆ ತಿಂಗಳು, ಒಂದೂವರೆ ತಿಂಗಳು ಸಾಲ ಸಿಗುತ್ತದಲ್ಲ, ರಿವಾರ್ಡ್ ಪಾಯಿಂಟ್ ಬೀಳುತ್ತದಲ್ಲ, ಅದಕ್ಕೆಲ್ಲ ದುಡ್ಡು ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಏರ್‌ಪೋರ್ಟ್ ಲಾಂಜಿನಲ್ಲಿ ನಾವು ಪುಕ್ಕಟೆ ಎಂದು ತಿಂದ ಇಡ್ಲಿಯ ದುಡ್ಡು ಯಾವುದೋ ಅಂಗಡಿಯ ಗಲ್ಲಾದಿಂದ ಹೋಗಿರುತ್ತದೆ. ಹಾಗಾಗಿ ಅಂಗಡಿಯವರು ಗೊಣಗುವುದರಲ್ಲಿ ಅರ್ಥವಿಲ್ಲ ಎಂದು ನಾನು ಹೇಳುವುದಿಲ್ಲ.

ಜಿಎಸ್‌ಟಿ ಬಗ್ಗೆ ಒಂದು ಮಾತು. ಆ 36 ರೂಪಾಯಿಯನ್ನು ಮಾಮೂಲಿ ಜಿಎಸ್‌ಟಿ ಕಟ್ಟುವ ವ್ಯಾಪಾರಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ಹಿಂದಕ್ಕೆ ಪಡೆಯಬಹುದು. ಒಟ್ಟು ವ್ಯಾಪಾರದ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಂಪೋಸಿಷನ್ ಸ್ಕೀಮಿನಲ್ಲಿರುವ ಸಣ್ಣ ಅಂಗಡಿಗೆ ಅದು ಸಿಗುವುದಿಲ್ಲ. ಇನ್ನು 2,000 ರೂಪಾಯಿವರೆಗಿನ ಕಾರ್ಡ್ ಪಾವತಿಯಾದರೆ ಬ್ಯಾಂಕ್ ಹಿಡಿಯುವ ಎಂಡಿಆರ್ ಮೇಲೆ ಜಿಎಸ್‌ಟಿಯೇ ಇಲ್ಲ.

ಡೆಬಿಟ್ ಕಾರ್ಡಿನ ಲೆಕ್ಕವೇ ಬೇರೆ

ಮೇಲಿನ ಕಥೆಯೆಲ್ಲ ಕ್ರೆಡಿಟ್ ಕಾರ್ಡಿನದು. ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಮ್ಮದೇ ಖಾತೆಯ ದುಡ್ಡು. ಬ್ಯಾಂಕಿಗೆ ಸಾಲ ಕೊಡುವ ಕೆಲಸವಿಲ್ಲ. ಅದಕ್ಕೇ ಇಲ್ಲಿ ಬ್ಯಾಂಕ್ ಎಷ್ಟು ಹಿಡಿಯಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕ್ 2012ರಲ್ಲೇ ಮಿತಿ ಹಾಕಿತು. ಆಮೇಲೆ 2017ರ ಡಿಸೆಂಬರ್ 6ರಂದು ಹೊಸ ಸುತ್ತೋಲೆ ಬಂತು, 2018ರ ಜನವರಿ 1ರಿಂದ ಜಾರಿಯಾಯಿತು.

ಅದರ ಪ್ರಕಾರ ವರ್ಷಕ್ಕೆ 20 ಲಕ್ಷದವರೆಗೆ ವ್ಯಾಪಾರ ಇರುವ ಸಣ್ಣ ಅಂಗಡಿಯಿಂದ ಬ್ಯಾಂಕ್ ಹೆಚ್ಚೆಂದರೆ 0.40 ಪರ್ಸೆಂಟ್ ಹಿಡಿಯಬಹುದು. ಅದೂ ಒಂದು ಸಲಕ್ಕೆ 200 ರೂಪಾಯಿ ದಾಟುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ 0.90 ಪರ್ಸೆಂಟ್, ಒಂದು ಸಲಕ್ಕೆ 1,000 ರೂಪಾಯಿ ಮೀರುವ ಹಾಗಿಲ್ಲ. ಅದೇ ಸುತ್ತೋಲೆ ಇನ್ನೊಂದು ಮಾತನ್ನೂ ಸೇರಿಸಿತು: ಡೆಬಿಟ್ ಕಾರ್ಡ್ ತೆಗೆದುಕೊಳ್ಳುವಾಗ ಅಂಗಡಿಯವರು ಈ ಎಂಡಿಆರ್ ಅನ್ನು ಗಿರಾಕಿಯ ತಲೆಗೆ ಕಟ್ಟದ ಹಾಗೆ ಬ್ಯಾಂಕುಗಳು ನೋಡಿಕೊಳ್ಳಬೇಕು.

ಇದೇನು ಆವತ್ತು ಮೊದಲ ಬಾರಿ ಹೇಳಿದ್ದೂ ಅಲ್ಲ. 2013ರ ಸೆಪ್ಟೆಂಬರಿನಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಖಡಕ್ಕಾಗಿ ಬರೆದಿತ್ತು. ಡೆಬಿಟ್ ಕಾರ್ಡ್ ಗಿರಾಕಿಗಳಿಂದ ಇಷ್ಟು ಪರ್ಸೆಂಟ್ ಎಂದು ಜಾಸ್ತಿ ತೆಗೆದುಕೊಳ್ಳುವುದು ಸಮರ್ಥನೆಗೆ ನಿಲ್ಲುವುದಿಲ್ಲ, ಬ್ಯಾಂಕಿನ ಜೊತೆ ಅಂಗಡಿ ಮಾಡಿಕೊಂಡ ಒಪ್ಪಂದಕ್ಕೂ ವಿರುದ್ಧ, ಅಂಥವರ ಜೊತೆ ಸಂಬಂಧ ಕಡಿದುಕೊಳ್ಳಬೇಕು ಎಂದು.

ಈಗ ಲೆಕ್ಕ ಹಾಕಿ. ಮದುವೆಗೆಂದು ಕರಿಮಣಿ, ಬಳೆ ಸೇರಿ 2 ಲಕ್ಷ ರೂಪಾಯಿಯ ಚಿನ್ನ ತೆಗೆದಿರಿ. ಕೊಟ್ಟದ್ದು ವೀಸಾ ಡೆಬಿಟ್ ಕಾರ್ಡ್. "ಎರಡು ಪರ್ಸೆಂಟ್ ಆಗ್ತದೆ" ಎಂದರು, 4,000 ಸೇರಿಸಿ ಉಜ್ಜಿದರು. ಬ್ಯಾಂಕ್ ಅಂಗಡಿಯಿಂದ ಹಿಡಿಯಬಹುದಾದದ್ದು ಎಷ್ಟು? 0.90 ಪರ್ಸೆಂಟ್ ಎಂದರೆ 1,800ರ ಮೇಲೆ ಆಗುತ್ತದೆ, ಆದರೆ ಮಿತಿ 1,000. ಜಿಎಸ್‌ಟಿ 180 ಸೇರಿಸಿದರೂ 1,180. ಉಳಿದ 2,820 ರೂಪಾಯಿ ಬ್ಯಾಂಕಿನವರು ಹಿಡಿದದ್ದಲ್ಲ. ಅದು ಅಂಗಡಿಯಲ್ಲೇ ಉಳಿಯಿತು.

ಕಾರ್ಡ್ ರುಪೇ ಡೆಬಿಟ್ ಆಗಿದ್ದರೆ ಇನ್ನೂ ಚಂದ. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿ 1ರಿಂದ ಎಂಡಿಆರ್ ಸೊನ್ನೆ. 2019ರ ಬಜೆಟ್‌ನಲ್ಲಿ ಹೇಳಿ, ಕಾನೂನಿಗೇ ತಿದ್ದುಪಡಿ ತಂದು ಮಾಡಿದ ಬದಲಾವಣೆ ಇದು. ಅಂದರೆ ಆ 4,000 ರೂಪಾಯಿಯಲ್ಲಿ ಬ್ಯಾಂಕಿಗೆ ಒಂದು ಪೈಸೆಯೂ ಹೋಗಲಿಲ್ಲ. ನಿಮ್ಮ ಪರ್ಸಿನಲ್ಲಿರುವ ಡೆಬಿಟ್ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ. ಸರಕಾರಿ ಬ್ಯಾಂಕಿನ ಖಾತೆಯಾದರೆ ಅದು ರುಪೇ ಆಗಿರುವ ಸಾಧ್ಯತೆ ಜಾಸ್ತಿ.

ಬ್ಯಾಂಕುಗಳ ತವರು ಎಂದು ಎದೆ ತಟ್ಟಿಕೊಳ್ಳುವ ಊರು ನಮ್ಮದು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಉಡುಪಿಯಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮನೆ ಬಾಗಿಲಿಗೆ ಬರುವ ಪಿಗ್ಮಿ ಕಲೆಕ್ಟರ್ ಹತ್ತಿರ ಹತ್ತು ರೂಪಾಯಿಯ ಲೆಕ್ಕವನ್ನೂ ಬಿಡದೆ ಕೇಳುವ ಜನ ನಾವು. ಚಿನ್ನದಂಗಡಿಯ ಎಸಿಯಲ್ಲಿ ಕೂತು ಜ್ಯೂಸ್ ಕುಡಿದ ಮೇಲೆ ಮಾತ್ರ ನಾಲ್ಕು ಸಾವಿರಕ್ಕೆ ಬಾಯಿ ಬಿಡುವುದಿಲ್ಲ!

ಕ್ರೆಡಿಟ್ ಕಾರ್ಡ್: ನಿಯಮ ಇದೆ, ಆದರೆ ಬೇರೆ ಕಾಗದದಲ್ಲಿ

ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿಲ್ಲ. ಅಂಗಡಿ ಮತ್ತು ಬ್ಯಾಂಕ್ ಮಾತಾಡಿಕೊಂಡ ರೇಟು. ಒಂದೂವರೆಯಿಂದ ಮೂರು ಪರ್ಸೆಂಟ್ ಒಳಗೆ ಇರುವುದು ಸಾಮಾನ್ಯ. ದೊಡ್ಡ ಮಳಿಗೆಗೆ ಕಡಿಮೆ, ಸಣ್ಣವರಿಗೆ ಜಾಸ್ತಿ. ವಿದೇಶದ ಕಾರ್ಡ್ ಆದರೆ ಇನ್ನೂ ಜಾಸ್ತಿ. ದುಬೈಯಿಂದ ರಜೆಗೆ ಬಂದವರು ಅಲ್ಲಿನ ಕಾರ್ಡ್ ತೆಗೆದಾಗ ಕೌಂಟರಿನಲ್ಲಿ ಮುಖ ಸಣ್ಣದಾಗುವುದು ಇದಕ್ಕೇ.

ಡೆಬಿಟ್ ಕಾರ್ಡಿಗೆ ಬರೆದ ಹಾಗೆ "ಗಿರಾಕಿಯಿಂದ ತೆಗೆದುಕೊಳ್ಳಬಾರದು" ಎಂಬ ಸಾಲು ಆ 2017ರ ಸುತ್ತೋಲೆಯಲ್ಲಿ ಕ್ರೆಡಿಟ್ ಕಾರ್ಡಿಗೆ ಇಲ್ಲ. ಹಾಗೆಂದು ಅಂಗಡಿಯವರಿಗೆ ಬಾಗಿಲು ತೆರೆದಿದೆ ಎಂದೂ ಅಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಮೂಲ ನಿಯಮವೇ ಕಾರ್ಡ್ ಕೊಟ್ಟವರಿಂದ ಜಾಸ್ತಿ ತೆಗೆದುಕೊಳ್ಳಬಾರದು ಎಂದು. ಯಾವ ದೇಶದಲ್ಲಿ ಕಾನೂನು ಅವಕಾಶ ಕೊಟ್ಟಿದೆಯೋ ಅಲ್ಲಿ ಮಾತ್ರ ವಿನಾಯಿತಿ. ಮಿಷನ್ ಕೊಡುವಾಗ ಬ್ಯಾಂಕುಗಳು ಅಂಗಡಿಯವರಿಂದ ಸಹಿ ಹಾಕಿಸಿಕೊಳ್ಳುವ ಒಪ್ಪಂದದಲ್ಲಿ ಇದು ಸಾಮಾನ್ಯವಾಗಿ ಸೇರಿರುತ್ತದೆ. ಹಾಗಾಗಿ ಕ್ರೆಡಿಟ್ ಕಾರ್ಡಿಗೆ ಎರಡು ಪರ್ಸೆಂಟ್ ಕೇಳುವ ಅಂಗಡಿ ಮುರಿಯುತ್ತಿರುವುದು ತಾನೇ ಸಹಿ ಹಾಕಿದ ಕರಾರನ್ನು. ಅದನ್ನು ಜಾರಿ ಮಾಡಬೇಕಾದದ್ದು ಮಿಷನ್ ಕೊಟ್ಟ ಬ್ಯಾಂಕ್. ಇದೇ ಈ ವ್ಯವಸ್ಥೆಯ ಬಲಹೀನ ಜಾಗ ಎಂದು ನನ್ನ ಅನಿಸಿಕೆ. ತಿಂಗಳಿಗೆ ಲಕ್ಷಗಟ್ಟಲೆ ವ್ಯವಹಾರ ತರುವ ಅಂಗಡಿಯ ಮಿಷನನ್ನು ಒಬ್ಬ ಗಿರಾಕಿಯ ದೂರಿಗೆ ಯಾವ ಬ್ರಾಂಚ್ ಮ್ಯಾನೇಜರ್ ಕಿತ್ತುಕೊಂಡು ಬರುತ್ತಾರೆ ಹೇಳಿ?

ಇಲ್ಲಿ ಅಂಗಡಿಯವರಿಗೆ ಒಂದು ನೇರವಾದ ದಾರಿ ಇದೆ. ಬೆಲೆಯಲ್ಲೇ ಕಾರ್ಡಿನ ಖರ್ಚು ಸೇರಿಸಿ ಬರೆಯುವುದು, ಕ್ಯಾಶ್ ಕೊಟ್ಟವರಿಗೆ ಡಿಸ್ಕೌಂಟ್ ಕೊಡುವುದು. ಚೀಟಿಯಲ್ಲಿ 10,200 ಎಂದಿದ್ದು, ಕ್ಯಾಶ್ ಆದರೆ 10,000 ಎಂದರೆ ತಕರಾರಿಲ್ಲ. ಚೀಟಿಯಲ್ಲಿ 10,000 ಎಂದು ಬರೆದು ಕಾರ್ಡ್ ಕಂಡಕೂಡಲೇ 10,200 ಎಂದರೆ ತಕರಾರು. ಎರಡರಲ್ಲೂ ಅಂಗಡಿಗೆ ಸಿಗುವುದು ಒಂದೇ ಅಲ್ವಾ ಎಂದು ಕೇಳಬಹುದು. ಹೌದು. ಆದರೆ ಮೊದಲನೆಯದರಲ್ಲಿ ನೀವು ಒಳಗೆ ಬಂದಾಗಲೇ ಪೂರ್ತಿ ಬೆಲೆ ಗೊತ್ತು. ಪಕ್ಕದ ಅಂಗಡಿಯ ಜೊತೆ ಹೋಲಿಸಿ ನೋಡಬಹುದು. ಎರಡನೆಯದರಲ್ಲಿ ಗೊತ್ತಾಗುವುದು ಚೌಕಾಸಿ ಮುಗಿದು ಸಾಮಾನು ಪ್ಯಾಕ್ ಆದ ಮೇಲೆ.

ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುವ ವಸ್ತುವಾದರೆ ಇನ್ನೊಂದು ಕಾನೂನೂ ಅಡ್ಡ ಬರುತ್ತದೆ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿ ಗರಿಷ್ಠ ಬೆಲೆ. ಕಾರ್ಡಿನ ಹೆಸರಿನಲ್ಲೂ ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಮೊಬೈಲ್, ಟಿವಿ ಮಾರುವುದು ಎಂಆರ್‌ಪಿಗಿಂತ ಎಷ್ಟೋ ಕೆಳಗೆ, ಹಾಗಾಗಿ ಅಲ್ಲಿ ಈ ಮಾತು ನಡೆಯುವುದಿಲ್ಲ. ಎಂಆರ್‌ಪಿಗೇ ಮಾರುವ ಸಾಮಾನಿನ ಮೇಲೆ ಕಾರ್ಡ್ ಚಾರ್ಜ್ ಹಾಕಿದರೆ ಖಂಡಿತ ಕೇಳಬಹುದು.

ಬಿಲ್ಲು ಮತ್ತು ಚಾರ್ಜ್ ಸ್ಲಿಪ್ ಅಕ್ಕಪಕ್ಕ ಇಟ್ಟು ನೋಡಿ

ಮಿಷನ್‌ನಿಂದ ಹೊರಬರುವ ಚಿಕ್ಕ ಚೀಟಿಯನ್ನು ನಾವು ಮುದುಡಿ ಬಿಸಾಡುತ್ತೇವೆ. ಇಡೀ ವಿಷಯ ಇರುವುದು ಅದರಲ್ಲಿ. ಸಾಮಾನ್ಯವಾಗಿ ಮಿಷನ್ ಕೊಟ್ಟ ಬ್ಯಾಂಕಿನ ಅಥವಾ ಕಂಪನಿಯ ಹೆಸರು ಅದರ ಮೇಲೆಯೇ ಇರುತ್ತದೆ. ಕೆಳಗೆ ಅಂಗಡಿಯ ಹೆಸರು, ಎಂಐಡಿ ಮತ್ತು ಟಿಐಡಿ ಎಂದು ಎರಡು ನಂಬರ್. ಮೊದಲನೆಯದು ಅಂಗಡಿಯ ಗುರುತು, ಎರಡನೆಯದು ಆ ಮಿಷನ್‌ನ ಗುರುತು. ನಿಮ್ಮ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಯಾವ ನೆಟ್‌ವರ್ಕಿನ ಕಾರ್ಡ್ ಎಂಬುದು, ಕೊನೆಗೆ ಮೊತ್ತ.

ಈಗ ಬಿಲ್ಲು ತೆಗೆಯಿರಿ. ಜಾಸ್ತಿ ತೆಗೆದುಕೊಳ್ಳುವ ಕಡೆ ಬಿಲ್ಲಿನಲ್ಲಿ 10,000 ಇರುತ್ತದೆ, ಸ್ಲಿಪ್ಪಿನಲ್ಲಿ 10,200. ನಡುವಿನ 200 ರೂಪಾಯಿ ಯಾವ ಕಾಗದದಲ್ಲೂ ಇಲ್ಲ. ಇದು ಮರೆತು ಬಿಟ್ಟದ್ದಲ್ಲ. ಬಿಲ್ಲಿನಲ್ಲಿ "ಕಾರ್ಡ್ ಚಾರ್ಜ್" ಎಂದು ಬರೆದರೆ ಅದೂ ಮಾರಾಟದ ಬೆಲೆಗೆ ಸೇರುತ್ತದೆ, ಅದಕ್ಕೂ ಜಿಎಸ್‌ಟಿ ಕಟ್ಟಬೇಕು. ಬರೆದುಕೊಟ್ಟರೆ ಬ್ಯಾಂಕಿನ ಮುಂದೆ ಸಾಕ್ಷಿಯೂ ಆಗುತ್ತದೆ. ಹಾಗಾಗಿ ಜಗಳ ಮಾಡುವ ಬದಲು ಮೆಲ್ಲ ಹೀಗೆ ಕೇಳಿ: "ಅಣ್ಣ, ಆ ಇನ್ನೂರು ಬಿಲ್ಲಿನಲ್ಲಿ ಬರೆದುಕೊಡ್ತೀರಾ?" ಎಷ್ಟೋ ಕಡೆ ಚಾರ್ಜ್ ಅಲ್ಲಿಗೇ ಮಾಯವಾಗುತ್ತದೆ.

ಇನ್ನೊಂದು ಎಚ್ಚರ. 5,000 ರೂಪಾಯಿವರೆಗೆ ಪಿನ್ ಇಲ್ಲದೆ ಕಾರ್ಡ್ ಮುಟ್ಟಿಸಿದರೆ ಸಾಕು. ಹಾಗಾಗಿ ಹೇಳದೆಯೇ ಐವತ್ತು, ಎಂಬತ್ತು ಸೇರಿಸಿ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಕಾರ್ಡ್ ಮುಟ್ಟಿಸುವ ಮೊದಲು ಮಿಷನ್ ಪರದೆಯ ಮೊತ್ತ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಯುಪಿಐ, ಪೆಟ್ರೋಲ್, ಟಿಕೆಟ್

ಯುಪಿಐನಲ್ಲಿ ಖಾತೆಯಿಂದ ನೇರ ಕೊಟ್ಟರೆ ಅಂಗಡಿಗೆ ಎಂಡಿಆರ್ ಇಲ್ಲ, ಹಾಗಾಗಿ ಚಾರ್ಜ್ ಕೇಳಲು ಕಾರಣವೂ ಇಲ್ಲ. ಬ್ಯಾಂಕುಗಳಿಗೆ ಸರಕಾರವೇ ಪ್ರೋತ್ಸಾಹಧನ ಕೊಡುತ್ತದೆ. 2024-25ನೇ ಸಾಲಿಗೆ ಕೇಂದ್ರ ಸಂಪುಟ ಒಪ್ಪಿದ ಮೊತ್ತ ಸುಮಾರು 1,500 ಕೋಟಿ. ಅಂಗಡಿಯವರು "ಸೌಂಡ್‌ಬಾಕ್ಸಿಗೆ ಬಾಡಿಗೆ ಉಂಟು" ಎನ್ನಬಹುದು. ಉಂಟು, ಆದರೆ ಅದು ತಿಂಗಳ ಬಾಡಿಗೆ. ನೀವು ಕೊಡುವ ಮೊತ್ತದ ಪರ್ಸೆಂಟ್ ಲೆಕ್ಕದಲ್ಲಿ ಏರುವಂಥದ್ದಲ್ಲ.

ಗೊಂದಲ ಆಗುವುದು ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡವರಿಗೆ. 2022ರಿಂದ ಈ ಸೌಲಭ್ಯ ಇದೆ. ಮೊಬೈಲಿನಲ್ಲಿ ನೋಡಲು ಮಾಮೂಲಿ ಯುಪಿಐ ತರಹವೇ, ಒಳಗೆ ಅದು ಕ್ರೆಡಿಟ್ ಕಾರ್ಡ್. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಚಾರ್ಜ್ ಇಲ್ಲ. ಅದರಾಚೆ ಅಂಗಡಿಗೆ ಕಡಿತ ಇರುತ್ತದೆ. "ಸ್ಕ್ಯಾನ್ ಮಾಡಿ, ಆದ್ರೆ ಕ್ರೆಡಿಟ್ ಕಾರ್ಡ್ ಬೇಡ" ಎಂದು ಅಂಗಡಿಯವರು ಹೇಳುವುದಕ್ಕೆ ಇದೇ ಕಾರಣ.

"ಯುಪಿಐಯೇ ಬೇಡ, ಕ್ಯಾಶ್ ಕೊಡಿ" ಎನ್ನುವವರ ಚಿಂತೆ ಮಾತ್ರ ಬೇರೆ. 2025ರ ಜುಲೈಯಲ್ಲಿ ಯುಪಿಐ ಜಮೆಯ ಲೆಕ್ಕ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತಲ್ಲ, ಆ ಹೆದರಿಕೆ. ಅದಕ್ಕೂ ಎಂಡಿಆರ್‌ಗೂ ಸಂಬಂಧವಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಕ್ರೆಡಿಟ್ ಕಾರ್ಡಿಗೆ ಬೀಳುವ ಒಂದು ಪರ್ಸೆಂಟ್ ಬಂಕಿನವರು ಹಾಕಿದ್ದಲ್ಲ. ಅದು ಕಾರ್ಡ್ ಕೊಟ್ಟ ಬ್ಯಾಂಕಿನ ಫ್ಯೂಯಲ್ ಸರ್‌ಚಾರ್ಜ್. ಬಂಕಿನ ಚೀಟಿಯಲ್ಲಿ 1,000 ಇದ್ದರೂ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಮೇಲೆ 10 ರೂಪಾಯಿ ಮತ್ತು ಅದರ ಜಿಎಸ್‌ಟಿ ಕಾಣುತ್ತದೆ. ಹಲವು ಕಾರ್ಡುಗಳಲ್ಲಿ ಆ 10 ರೂಪಾಯಿ ಮನ್ನಾ ಆಗಿ ವಾಪಸ್ ಬರುತ್ತದೆ, ಜಿಎಸ್‌ಟಿ ಸಾಮಾನ್ಯವಾಗಿ ಬರುವುದಿಲ್ಲ.

ರೈಲ್ವೆ ಟಿಕೆಟ್, ಸಿನಿಮಾ ಟಿಕೆಟ್ ಆನ್‌ಲೈನಿನಲ್ಲಿ ತೆಗೆದಾಗ ಹಾಕುವ ಕನ್ವೀನಿಯನ್ಸ್ ಫೀ ಬೇರೆ ಜಾತಿ. ಅದು ಆ ವೆಬ್‌ಸೈಟಿನ ಸೇವೆಗೆಂದು ಹಾಕುವ ಶುಲ್ಕ. ಅದನ್ನು ತಡೆಯುವ ನಿಯಮ ಇಲ್ಲ. ಆದರೆ ಇಂಥ ಫೀ ಇದ್ದರೆ ಮೊದಲೇ ಕಾಣುವ ಹಾಗೆ ತೋರಿಸಬೇಕು ಎಂದು ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಗಳಿಗೆ (ಪೇಮೆಂಟ್ ಅಗ್ರಿಗೇಟರ್) ರಿಸರ್ವ್ ಬ್ಯಾಂಕ್ 2020ರಲ್ಲೇ ಹೇಳಿದೆ.

"ಅಮೆರಿಕದಲ್ಲೂ ತಗೊಳ್ತಾರೆ" ಎಂದು ಮಗಳ ಮನೆಗೆ ಹೋಗಿ ಬಂದವರು ಹೇಳುವುದು ಕೇಳಿದ್ದೇನೆ. ನಿಜ, ಅಲ್ಲಿ 2013ರಿಂದ ಹೆಚ್ಚಿನ ರಾಜ್ಯಗಳಲ್ಲಿ ಅವಕಾಶ ಇದೆ. ಆದರೆ ಅದು ಕ್ರೆಡಿಟ್ ಕಾರ್ಡಿಗೆ ಮಾತ್ರ, ಮಿತಿಯೊಳಗೆ, ಮೊದಲೇ ಬೋರ್ಡ್ ಹಾಕಿ. ಡೆಬಿಟ್ ಕಾರ್ಡಿಗೆ ಅಲ್ಲೂ ಹಾಕುವಂತಿಲ್ಲ. ಬ್ರಿಟನ್ 2018ರ ಜನವರಿ 13ರಿಂದ ಜನರ ಸ್ವಂತ ಕಾರ್ಡುಗಳ ಮೇಲೆ ಇಂಥ ಚಾರ್ಜನ್ನೇ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ ಇನ್ನೂ ಬುಡಕ್ಕೆ ಕೈ ಹಾಕಿತು. ಅಂಗಡಿಯ ಕಡೆಯ ಬ್ಯಾಂಕ್ ಕಾರ್ಡ್ ಕೊಟ್ಟ ಬ್ಯಾಂಕಿಗೆ ಕೊಡುವ ಪಾಲನ್ನೇ ಡೆಬಿಟ್‌ಗೆ 0.2, ಕ್ರೆಡಿಟ್‌ಗೆ 0.3 ಪರ್ಸೆಂಟಿಗೆ ಇಳಿಸಿತು. ಅಂಗಡಿಯ ಖರ್ಚೇ ಕಡಿಮೆಯಾದ ಮೇಲೆ ಗಿರಾಕಿಯ ಹತ್ತಿರ ಕೇಳಬೇಡಿ ಎನ್ನುವುದು ಸುಲಭ. ನಮ್ಮಲ್ಲಿ ಡೆಬಿಟ್ ಕಾರ್ಡಿಗೆ ಮಾಡಿದ್ದೂ ಇದೇ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚನ್ನು ಹಾಗೇ ಬಿಟ್ಟು, ತಡೆಯನ್ನು ಕರಾರಿಗೆ ಬಿಟ್ಟಿದ್ದಾರೆ. ಅದಕ್ಕೇ ಅದು ನಡೆಯುತ್ತಾ ಇದೆ.

ಕೊಟ್ಟಾಯಿತು, ಈಗ ಏನು ಮಾಡುವುದು? ಬಿಲ್ಲು, ಸ್ಲಿಪ್ಪು ಎರಡರ ಫೋಟೋ ತೆಗೆಯಿರಿ. ಸ್ಲಿಪ್ಪಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಮಿಷನ್ ಕೊಟ್ಟ ಬ್ಯಾಂಕಿಗೆ ಎಂಐಡಿ, ಟಿಐಡಿ, ತಾರೀಕು, ಎರಡು ಮೊತ್ತ ಬರೆದು ಇಮೇಲ್ ಮಾಡಿ. ಒಂದು ಪ್ರತಿ ನಿಮ್ಮ ಕಾರ್ಡ್ ಕೊಟ್ಟ ಬ್ಯಾಂಕಿಗೂ ಕಳಿಸಿ. ಡೆಬಿಟ್ ಕಾರ್ಡ್ ಆಗಿದ್ದರೆ 2017ರ ಡಿಸೆಂಬರ್ 6ರ ಸುತ್ತೋಲೆಯ ಹೆಸರು ಎತ್ತಿ. ಬರೀ "ಮೋಸ ಆಯಿತು" ಎಂದು ಬರೆಯುವುದಕ್ಕಿಂತ ಅದಕ್ಕೆ ಉತ್ತರ ಬೇಗ ಬರುತ್ತದೆ. ಪಿನ್ ಒತ್ತಿದ್ದು ನೀವೇ ಆದ ಕಾರಣ, ಒಪ್ಪಿಗೆ ಕೊಟ್ಟಿದ್ದೀರಿ ಎಂದು ಬ್ಯಾಂಕ್ ಹೇಳಬಹುದು. ಅದಕ್ಕೇ ಬಿಲ್ಲಿನ ಮೊತ್ತಕ್ಕೂ ಸ್ಲಿಪ್ಪಿನ ಮೊತ್ತಕ್ಕೂ ಇರುವ ವ್ಯತ್ಯಾಸವನ್ನೇ ಹಿಡಿದುಕೊಳ್ಳಿ.

30 ದಿನ ಕಳೆದರೂ ಉತ್ತರ ಇಲ್ಲ, ಇಲ್ಲವೇ ಉತ್ತರ ಸರಿಯಿಲ್ಲ ಎಂದಾದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲಿ ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ಮಾಹಿತಿಗೆ 14448. ಒಂಬುಡ್ಸ್‌ಮನ್ ಕೇಳುವುದು ಬ್ಯಾಂಕನ್ನು ಮಾತ್ರ, ಅಂಗಡಿಯನ್ನು ಅವರು ಕರೆಸುವುದಿಲ್ಲ. ಅಂಗಡಿಯ ಮೇಲೆಯೇ ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಾಡಿ.